ಏರಿಯ ಮೇಲಿನ ಅಣಬೆ

ಲಾನ್‌ಯಿನ್ ಹುಟ್ಟಿದ್ದೇ ಏರಿಯ ಮೇಲೆ. ಆ ವರ್ಷ ಯಾಂಗ್ತ್ಸೆ ನದಿ ದಂಡೆಯ ಏರಿಯನ್ನು ಒಡೆದುಕೊಂಡು ಊರೊಳಗೆ ನುಗ್ಗಿತ್ತು. ಎರಡೂ ಕಡೆ ನೀರು, ನಡುವೆ ಉಳಿದ ಮಣ್ಣಿನ ದಿಣ್ಣೆಯ ಮೇಲೆ ಎಮ್ಮೆ, ಹಂದಿ, ಜನ ಎಲ್ಲ ಒಟ್ಟಿಗೆ. ಆ ಗದ್ದಲದಲ್ಲೇ ಅವಳ ತಾಯಿ ಹೆತ್ತಳು. ಅದಕ್ಕೋ ಏನೋ, ಲಾನ್‌ಯಿನ್‌ಳ ಮನಸ್ಸು ಯಾವತ್ತೂ ನೆಲದ ಮೇಲೆ ಪೂರ್ತಿ ಊರಿ ನಿಂತದ್ದಿಲ್ಲ.

ಮದುವೆಯಾಗಿ ಬಂದ ಮನೆಯೂ ಏರಿಯ ಬುಡದಲ್ಲೇ ಇತ್ತು. ನೆರೆಯ ಕಾಲದಲ್ಲಿ ನದಿ ಸೂರಿಗಿಂತ ಎತ್ತರದಲ್ಲಿ ಹರಿಯುತ್ತಿತ್ತು. ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಹುಲ್ಲಿನಂಚಿನ ಆಚೆ, ಮಂಜಿನಲ್ಲಿ, ದೋಣಿಗಳು ಸದ್ದಿಲ್ಲದೆ ಆಕಾಶದಲ್ಲಿ ತೇಲಿಹೋಗುತ್ತಿದ್ದವು. ಮರಳು ದೋಣಿಯ ಮೇಲೆ ದುಡಿಯುವ ಗಂಡನೂ ಒಮ್ಮೊಮ್ಮೆ ಹಾಗೇ ಮನೆಯ ಮೇಲಿಂದ ಹಾದುಹೋಗುತ್ತಿದ್ದ. ಅವಳು ನೋಡುತ್ತ ನಿಂತರೆ ನಿಂತಳೇ.

"ಏನೇ, ಅನ್ನ ಸೀದು ಕರಕಲಾಗ್ತಿದೆ, ನೀನು ಮೋಡದಲ್ಲಿ ದೋಣಿ ಎಣಿಸ್ತಾ ಇದೀಯಾ?" ಎಂದು ಒಳಗಿಂದ ಅತ್ತೆ ಪಾನ್ ಅಜ್ಜಿ ಕೂಗುತ್ತಿದ್ದಳು.

"ಬಂದೆ ಅತ್ತೆ."

ಆ 'ಬಂದೆ' ಒಳಗೆ ಬರುವಷ್ಟರಲ್ಲಿ ಇನ್ನೊಂದು ದೋಣಿ ದಾಟಿರುತ್ತಿತ್ತು. ಸೋರುವ ಮಾಡು, ಸಡಿಲಾದ ಬಾಗಿಲು, ಹರಿದ ಅಂಗಿ, ಎಲ್ಲಕ್ಕೂ ಅವಳದು ಒಂದೇ ಮಾತು: ನೋಡೋಣ. ಕೆಟ್ಟವಳಲ್ಲ, ಸೋಮಾರಿಯೂ ಅಲ್ಲ. ಕೈಯಲ್ಲಿದ್ದ ಕೆಲಸ ಅವಳಿಗೆ ಕನಸಿನಷ್ಟು ಹತ್ತಿರ ಕಾಣುತ್ತಿರಲಿಲ್ಲ, ಅಷ್ಟೆ.

ಮದುವೆಯಾದ ಮೊದಲ ಬೇಸಿಗೆಯಲ್ಲಿ ಅತ್ತೆ ಅವಳನ್ನು ಮುಂಜಾನೆ ಕೈಹಿಡಿದು ಏರಿಗೆ ಕರೆದೊಯ್ದಿದ್ದಳು. ಊರ ಕಡೆಯ ಇಳಿಜಾರಿನಲ್ಲಿ, ಹುಲ್ಲಿನ ಮರೆಯಲ್ಲಿ, ಬೆಳ್ಳಗೆ ಒಂದು ಹಿಡಿ ಅಣಬೆ. "ಇದು ನಮ್ಮ ಮನೆ ಜಾಗ. ಯಾರ ಹತ್ರಾನೂ ಬಾಯಿ ಬಿಡಬೇಡ. ಏರಿ ಕಾಯೋ ಗೆಂಗ್‌ಗಂತೂ ಸುತರಾಂ ಹೇಳಬೇಡ."

ಇಂಥ ಅಣಬೆ ಎದ್ದ ಕಡೆ ಕೆಳಗೆ ಗೆದ್ದಲಿನ ಗೂಡಿರುತ್ತದೆ, ಗೂಡಿದ್ದ ಏರಿ ಒಳಗೊಳಗೇ ಟೊಳ್ಳಾಗುತ್ತದೆ. ಇದು ಊರಿನ ಕೂಸಿಗೂ ಗೊತ್ತು. ಆದರೂ ಮನೆಮನೆಗೆ ಒಂದೊಂದು ಗುಟ್ಟಿನ ಜಾಗ. ರುಚಿ ಅಂಥದ್ದು! ಶುಂಠಿ, ಉಪ್ಪು ಬಿಟ್ಟು ಬೇರೇನೂ ಬೇಡ. ಗೆಂಗ್‌ಗೆ ಹೇಳಿದರೆ ಅಗೆಸಿಬಿಡುತ್ತಾನೆ, ಗೂಡು ಹೋದರೆ ಅಣಬೆಯೂ ಹೋಯಿತು. ಒಂದು ಹಿಡಿ ಅಣಬೆಗೆ ಇಷ್ಟು ದೊಡ್ಡ ಏರಿ ಬಿದ್ದುಹೋಗುತ್ತದೆಯೇ ಎಂದು ಎಲ್ಲರದೂ ಜಾಣಕುರುಡು.

ವರ್ಷಗಳು ಸರಿದವು. ಪಾನ್ ಅಜ್ಜಿಯ ಹಲ್ಲು ಹೋಯಿತು, ಆಮೇಲೆ ನಾಲಿಗೆಯ ರುಚಿಯೂ ಹೋಯಿತು. ಊಟ ಮುಂದಿಟ್ಟರೆ ಮುಖ ತಿರುಗಿಸುವಳು. ಅವಳ ಬಾಯಿಗೆ ಹತ್ತುತ್ತಿದ್ದದ್ದು ಬೇಸಿಗೆಯ ಆ ಅಣಬೆ ಸಾರೊಂದೇ. ಅದಕ್ಕಾಗಿ ವರ್ಷವಿಡೀ ಕಾಯುವಳು.

ಆ ಬೇಸಿಗೆ ಲಾನ್‌ಯಿನ್ ಏರಿ ಹತ್ತಿದಾಗ ಹುಲ್ಲೆಲ್ಲ ಅಣಬೆ. ಉಡಿ ತುಂಬಿತು. ಮಂಜಿನಲ್ಲಿ ಒಂದೊಂದೇ ಬಿಳಿ ಚುಕ್ಕೆ ಹಿಡಿದು, ಯಾರೋ ಕರೆದಂತೆ, ಮೇಲೆ ಮೇಲೆ ಹೋದಳು. ಕೊನೆಯ ಅಣಬೆ ಏರಿಯ ನೆತ್ತಿ ದಾಟಿ ನದಿಯ ಕಡೆಗೆ ಎದ್ದಿತ್ತು. ಅಲ್ಲಿ ಕಾಲೂರಿದರೆ ನೆಲ ಖಾಲಿ ಗಡಿಗೆಯ ಹಾಗೆ ಸದ್ದು ಮಾಡಿತು.

ಇಳಿಯುವಾಗ ಗೆಂಗ್ ಎದುರಾದ.

"ಉಡೀಲಿ ಏನಮ್ಮಾ ಅದು, ಲಾನ್‌ಯಿನ್?"

"ಸೊಪ್ಪು, ಗೆಂಗಣ್ಣ."

"ಏನಾದ್ರೂ ಕಂಡ್ರೆ ಈಗ್ಲೇ ಹೇಳ್ಬಿಡು. ನದಿ ಮೇಲ್ಗಡೆ ಸೀಮೇಲಿ ಮಳೆ ಶುರುವಾಗಿದೆ. ನೀರು ಏರಿಯ ಬುಡ ಮುಟ್ಟಿದ ಮೇಲೆ ಗುದ್ದಲಿ ಹಾಕೋ ಹಾಗಿಲ್ಲ. ಆಮೇಲೆ ಗೂಡು ಸಿಕ್ಕಿದ್ರೂ ಕೈಕಟ್ಕೊಂಡು ನೋಡೋದೇ."

ಅವಳು ತಲೆಯಾಡಿಸಿ ಮನೆಗೆ ಬಂದು ಸಾರು ಮಾಡಿದಳು. ಪಾನ್ ಅಜ್ಜಿ ಕಣ್ಣುಮುಚ್ಚಿ ಸೊರ್ರೆಂದು ಹೀರಿ, "ಹೋದ ಜೀವ ಬಂತು ಕಣೇ" ಅಂದಳು.

"ಅತ್ತೆ, ಈ ಸಲ ನದಿ ಕಡೇನೂ ಎದ್ದಿವೆ."

ಚಮಚ ಅರೆಗಳಿಗೆ ನಿಂತಿತು. "ಎದ್ದರೆ ಏಳಲಿ. ಚಳಿಗಾಲ ಬರಲಿ, ನೋಡೋಣ."

ನೋಡೋಣ. ಜೀವಮಾನವಿಡೀ ತಾನು ಆಡಿದ ಮಾತು. ಇನ್ನೊಬ್ಬರ ಬಾಯಲ್ಲಿ ಲಾನ್‌ಯಿನ್ ಅದನ್ನು ಕೇಳಿದ್ದು ಅದೇ ಮೊದಲು. ಬಟ್ಟಲು ತೊಳೆಯಲೂ ನಿಲ್ಲದೆ ಗೆಂಗ್‌ನ ಮನೆಗೆ ಓಡಿದಳು.

ಜನ ಬಂದು ಊರ ಕಡೆಯಿಂದ ಅಗೆದರು. ಬೆರಳು ಹೋಗುವಷ್ಟು ಸಣ್ಣ ಸುರಂಗಕ್ಕೆ ಹುಲ್ಲುಕಡ್ಡಿ ತೂರಿಸಿ, ಅದರ ಜಾಡು ಹಿಡಿದು ಒಳಗೆ ಹೋದರು. ಕೊನೆಗೆ ಆಳು ಕೂರುವಷ್ಟು ದೊಡ್ಡ ಪೊಟರೆ ಸಿಕ್ಕಿತು. ಗೆಂಗ್ ಅದರ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದ: "ಯಾವಾಗಿಂದ ಗೊತ್ತಿತ್ತು?"

"ಮದುವೆಯಾದಾಗಿಂದ."

ಅವನು ಬಯ್ಯಲಿಲ್ಲ. "ಆಗಲೇ ಹೇಳಿದ್ದಿದ್ರೆ ಒಂದು ಬುಟ್ಟಿ ಮಣ್ಣು ಸಾಕಿತ್ತಮ್ಮ" ಅಂದ. ಗಾಡಿ ಗಾಡಿ ಜೇಡಿಮಣ್ಣು ತುಂಬಿ ದಮ್ಮಸು ಹಾಕಿದರು. ಅದು ಮುಗಿಯುತ್ತಿದ್ದಂತೆ ನೀರು ಏರಿಯ ಬುಡ ಮುಟ್ಟಿತು.

ಪಾನ್ ಅಜ್ಜಿ ಮಾತು ಬಿಟ್ಟಳು. ಬಟ್ಟಲು ಮುಂದಿಟ್ಟರೆ ಗೋಡೆಯ ಕಡೆ ಹೊರಳುವಳು. ದಿನದಿಂದ ದಿನಕ್ಕೆ ಮುದುಕಿ ಕಡ್ಡಿಯಾದಳು. ಏರಿ ಉಳಿಸಲು ಹೋಗಿ ಅತ್ತೆಯನ್ನು ಕೊಂದೆನೇ ಎಂದು ಲಾನ್‌ಯಿನ್ ಒಲೆಯ ಮುಂದೆ ಕೂತು ಅತ್ತಳು.

ಏರಿಯ ಆಚೆ ನದಿ ಸೂರಿನ ಮಟ್ಟ ದಾಟಿ ಏರಿತು. ದೋಣಿಗಳು ಮತ್ತೆ ಆಕಾಶಕ್ಕೆ ಬಂದವು. ಒಂದು ಮಧ್ಯಾಹ್ನ ಅಜ್ಜಿ ತಾನಾಗಿ ಬಾಯಿಬಿಟ್ಟಳು: "ನನ್ನ ಅಲ್ಲಿಗೆ ಕರ್ಕೊಂಡು ಹೋಗು."

ಲಾನ್‌ಯಿನ್ ಅವಳನ್ನು ಬೆನ್ನ ಮೇಲೆ ಹೊತ್ತು ಇಳಿಜಾರು ಹತ್ತಿದಳು. ಅತ್ತೆ ಮೆತ್ತಿದ ಮಣ್ಣಿನ ಮೇಲೆ ಅಂಗೈ ಊರಿ ಕೂತಳು. ಅದರ ಆಚೆ, ತಲೆಯ ಮಟ್ಟಕ್ಕೂ ಮೇಲೆ, ಇಡೀ ನದಿ ಮೆಲ್ಲನೆ ಉಸಿರಾಡುತ್ತಿತ್ತು. ಅಂಗೈಯ ಕೆಳಗಿನ ಮಣ್ಣು ಬಿಸಿಲಿಗೆ ಬೆಚ್ಚಗಿತ್ತು.

"ಒಣಗಿದೆ ಕಣೇ, ಒಂದು ಹನೀನೂ ಜಿನುಗಿಲ್ಲ" ಅಂದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ. "ನಮ್ಮತ್ತೆ ನನಗೆ ಈ ಜಾಗ ತೋರಿಸಿದಾಗ ಇಲ್ಲಿದ್ದದ್ದು ಒಂದೇ ಒಂದು ಅಣಬೆ."

ಮನೆಗೆ ಬಂದು ಗಂಜಿ ಕೇಳಿದಳು. ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಸಪ್ಪೆ" ಅಂದಳು. ಪೂರ್ತಿ ಕುಡಿದು ಬಟ್ಟಲು ಮುಂದೆ ಚಾಚಿದಳು: "ಏನೇ, ದೋಣಿ ನೋಡಿದ್ದು ಸಾಕು, ಇನ್ನೊಂದು ಸೌಟು ಹಾಕು."