ಅಗ್ಗದ ಇಂಟರ್‌ಕೂಲರ್ ಮತ್ತು ಜಯಂತಿಯ ಹೆಸರು

ಕಳೆದ ವಾರ ಪುತ್ತೂರಿನಲ್ಲಿ ಚಹಾ ಕುಡಿಯಲು ನಿಂತಿದ್ದೆ. ಪಕ್ಕದಲ್ಲಿ ಯಾರೋ ಕಾರಿನ ಬಾನೆಟ್ ಎತ್ತಿದರು. ಬಿಸಿ ಎಣ್ಣೆಯೂ ಕಾದ ರಬ್ಬರೂ ಬೆರೆತ ವಾಸನೆ ಬಂತು. ಆ ವಾಸನೆಗೆ ನನಗೆ ಸುಳ್ಯದ ಜಯಂತಿಯವರ ನೆನಪಾಗುತ್ತದೆ. ನೆನಪಾದೊಡನೆ, ಯಾರಾದರೂ ನನ್ನ ಮುಖ ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣಾಡಿಸುತ್ತೇನೆ. ಇಷ್ಟು ದಿನ ಯಾರಿಗೂ ಹೇಳದ್ದನ್ನು ನಿಮಗೆ ಹೇಳಿಬಿಡುತ್ತೇನೆ.

ನಾನು ಕಡಬದಲ್ಲಿ ಸ್ಟುಡಿಯೋ ಇಟ್ಟುಕೊಂಡವನು. ಮದುವೆ ಫೋಟೋ ತೆಗೆಯುವುದು ಕಸುಬು. ಆಲ್ಬಮ್ಮಿಗೆ ಅಗ್ಗದ ಕಾಗದ ಕೇಳಿದವರಿಗೆ ಅರ್ಧ ಗಂಟೆ ಉಪದೇಶ ಮಾಡುವ ಚಾಳಿ ನನ್ನದು. ಕ್ಯಾಮರಾ, ಲೈಟು, ಸ್ಟ್ಯಾಂಡುಗಳನ್ನೆಲ್ಲ ಹೇರಿಕೊಂಡು ಹೋಗಲು ಟರ್ಬೊ ಇರುವ ಡೀಸೆಲ್ ಕಾರು ಕೊಂಡಿದ್ದೆ. ಅದರ ರಿಪೇರಿಗೆ ಜಯಂತಿಯವರೇ ಆಗಬೇಕಿತ್ತು. ಸೋದರಮಾವನ ಗ್ಯಾರೇಜಿನಲ್ಲಿ ಕೆಲಸ ಕಲಿತು, ಮಾವ ಹೋದ ಮೇಲೆ ಆಲೆಟ್ಟಿ ರಸ್ತೆಯ ಆ ಗ್ಯಾರೇಜನ್ನು ಒಬ್ಬರೇ ನಡೆಸುತ್ತಿದ್ದರು. ಇಂಜಿನ್ ಸದ್ದು ಕೇಳಿಯೇ ಅರ್ಧ ರೋಗ ಹೇಳುವವರು.

ಎರಡು ವರ್ಷದ ಹಿಂದೆ ಕಾರಿನ ಇಂಟರ್‌ಕೂಲರ್ ಸೋರತೊಡಗಿತು. ಟರ್ಬೊ ಒತ್ತಿ ಕಳಿಸುವ ಗಾಳಿ ಬಿಸಿಯಾಗುತ್ತದಲ್ಲ, ಅದು ಇಂಜಿನ್ ಸೇರುವ ಮೊದಲು ತಣಿಸುವ, ನೋಡಲು ರೇಡಿಯೇಟರಿನಂಥ ಪೆಟ್ಟಿಗೆ ಅದು. ಜಯಂತಿಯವರು ಎರಡನ್ನು ತರಿಸಿ ನನ್ನ ಮುಂದೆ ಇಟ್ಟರು. ಒಂದು ಪೂರ್ತಿ ಅಲ್ಯುಮಿನಿಯಂ, ಅಚ್ಚುಕಟ್ಟಾದ ಬೆಸುಗೆ. ಇನ್ನೊಂದರ ಬೆಲೆ ಅದರ ಅರ್ಧಕ್ಕೂ ಕಡಿಮೆ. ಅದರ ಎರಡು ತುದಿಗೂ ಪ್ಲಾಸ್ಟಿಕ್ ಮುಚ್ಚಳ.

"ಇದು ಊರೊಳಗೆ ಓಡುವವರಿಗೆ ಸಾಕು. ನೀವು ಸಾಮಾನು ತುಂಬಿಸಿ ಘಾಟಿ ಹತ್ತುವವರು. ಒತ್ತಡಕ್ಕೆ ಪ್ಲಾಸ್ಟಿಕ್ ಬಾಯಿ ಬಿಡ್ತದೆ. ಒಳ್ಳೇದೇ ಹಾಕಿಸಿ ಮಾರಾಯ್ರೆ" ಎಂದರು.

ಹೊಸ ಲೆನ್ಸಿನ ಮೇಲೆ ನನ್ನ ಕಣ್ಣು ಬಿದ್ದಿದ್ದ ಕಾಲ ಅದು. ಬಾನೆಟ್ಟಿನ ಒಳಗಿರುವುದನ್ನು ಯಾರು ನೋಡುತ್ತಾರೆ ಎಂದುಕೊಂಡು ಅಗ್ಗದ್ದನ್ನೇ ಹಾಕಿಸಿದೆ. ಒಡೆದರೆ ನನ್ನ ತಲೆಗೆ ಎಂದು ನಗುತ್ತಲೇ ಹೇಳಿದ್ದೆ.

ಇಚಿಲಂಪಾಡಿಯ ಕುಶಾಲಪ್ಪ ಗೌಡರ ಮಗಳ ಮದುವೆ ಮಡಿಕೇರಿಯಲ್ಲಿತ್ತು. ಬೆಳಿಗ್ಗೆ ಸಂಪಾಜೆ ದಾಟಿ ಘಾಟಿಯ ಮೂರನೆಯ ತಿರುವಿನಲ್ಲಿ ಟಪ್ಪೆಂದು ಸದ್ದಾಯಿತು. ಹಿಂದೆಯೇ ಸುಯ್ಯೆಂದು ಗಾಳಿ. ಕಾರಿನ ಶಕ್ತಿಯೆಲ್ಲ ಉಡುಗಿಹೋಯಿತು. ಕಪ್ಪು ಹೊಗೆ ಬಿಡುತ್ತ, ಮೊದಲನೆಯ ಗೇರಿನಲ್ಲಿ ತೆವಳಿಕೊಂಡು ಮಂಟಪ ಮುಟ್ಟಿದಾಗ ಧಾರೆ ಮುಗಿದಿತ್ತು. ಮಗಳ ಕೈಮೇಲೆ ಗೌಡರು ನೀರು ಬಿಟ್ಟದ್ದರ ಒಂದೇ ಒಂದು ಚಿತ್ರ ಅವರ ಬಳಿ ಇಲ್ಲ.

ಗೌಡರು ಬೈಯಲಿಲ್ಲ. ಊಟದ ಪಂಕ್ತಿಯಲ್ಲಿ ನನ್ನೆದುರು ನಿಂತು, ಎಂತ ಆದದ್ದು ಎಂದಷ್ಟೇ ಕೇಳಿದರು. ಅಕ್ಕಪಕ್ಕದ ಎಲೆಯವರೆಲ್ಲ ತಲೆ ಎತ್ತಿದರು. ನನ್ನ ಬಾಯಿಂದ ಬಂದದ್ದು ಇದು:

"ಸುಳ್ಯದ ಆ ಜಯಂತಿ. ಒಳ್ಳೇದು ಅಂತ ಹೇಳಿ ಡೂಪ್ಲಿಕೇಟ್ ಹಾಕಿದ್ದಾಳೆ."

ಹೆಂಗಸಿನ ಕೈಗೆ ಇಂಜಿನ್ ಕೊಟ್ಟದ್ದೇ ತಪ್ಪು ಎಂದರು ಎದುರು ಕೂತವರೊಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಪಾಯಸ ಎರಡು ಸಲ ಹಾಕಿಸಿಕೊಂಡೆ.

ಕಾರನ್ನು ಪುತ್ತೂರಿಗೆ ಒಯ್ದು ಬೇರೆಯವರ ಕೈಯಲ್ಲಿ ದುಬಾರಿಯದನ್ನೇ ಹಾಕಿಸಿದೆ. ಗೌಡರ ಮೂರು ಪಿಕಪ್‌ಗಳು ಜಯಂತಿಯವರ ಗ್ಯಾರೇಜಿಗೆ ಹೋಗುವುದು ನಿಂತಿತೆಂದು ಕೆಲವು ತಿಂಗಳ ನಂತರ ತಿಳಿಯಿತು. ಆ ಪಂಕ್ತಿಯಲ್ಲಿದ್ದ ಇನ್ನೂ ಕೆಲವರು ಹಾಗೇ ಮಾಡಿದ್ದರು. ಸುಳ್ಯಕ್ಕೆ ಹೋದರೂ ಆಲೆಟ್ಟಿ ರಸ್ತೆಯತ್ತ ನಾನು ಕಾರು ತಿರುಗಿಸುತ್ತಿರಲಿಲ್ಲ. ಒಮ್ಮೆ ಪುತ್ತೂರಿನ ಬಿಡಿಭಾಗದ ಅಂಗಡಿಯಲ್ಲಿ ಜಯಂತಿಯವರು ಎದುರಾಗಿಯೇ ಬಿಟ್ಟರು. ಅವರ ಕೈಯಲ್ಲಿ ಸ್ಕೂಟರಿನ ಬ್ರೇಕ್ ಕೇಬಲ್ ಇತ್ತು.

"ಒಳ್ಳೇದೇ ಹಾಕಿಸಿದ್ರಿ ಅಂತ ಗೊತ್ತಾಯ್ತು. ಅದು ಒತ್ತಡ ತಡೀತದೆ" ಎಂದರು.

ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕಳೆದ ವಾರ ಆ ಚಹಾ ಚೆಲ್ಲಿ ನೇರ ಸುಳ್ಯಕ್ಕೆ ಹೋದೆ. ಮೊದಲು ಐದಾರು ಕಾರು ನಿಲ್ಲುತ್ತಿದ್ದ ಅಂಗಳದಲ್ಲಿ ಎರಡು ಸ್ಕೂಟರ್ ಇದ್ದವು. ಜಯಂತಿಯವರು ಕೈ ಒರೆಸಿಕೊಳ್ಳುತ್ತ ಬಂದರು. ಆ ದಿನ ಪಂಕ್ತಿಯಲ್ಲಿ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿ, ತಪ್ಪಾಯಿತು ಎಂದೆ. ಅವರು ಸಮಾಧಾನ ಹೇಳುತ್ತಾರೆ ಎಂಬ ಆಸೆ ಮನಸ್ಸಿನ ಮೂಲೆಯಲ್ಲಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

"ನನ್ನ ಹತ್ರ ಹೇಳುದು ಯಾಕೆ?" ಎಂದರು. "ನಾನು ಮೋಸ ಮಾಡ್ಲಿಲ್ಲ ಅಂತ ನನಗೆ ಗೊತ್ತುಂಟು. ಗೊತ್ತಿಲ್ಲದವರ ಹತ್ರ ಹೇಳಿ."

ಮರಳಿ ಸ್ಕೂಟರಿನ ಬಳಿ ಕುಳಿತರು.

ಸ್ಟುಡಿಯೋಗೆ ಬಂದು ಕಂಪ್ಯೂಟರಿನಲ್ಲಿ ಆ ಮದುವೆಯ ಚಿತ್ರಗಳನ್ನು ತೆರೆದೆ. ಧಾರೆ ತಪ್ಪಿದ ಗಾಬರಿಗೆ, ನಾನು ಎಲೆಗೆ ಕೂರುವ ಮೊದಲು, ಊಟಕ್ಕೆ ಕೂತವರ ಮುಖವನ್ನು ಒಂದೂ ಬಿಡದೆ ತೆಗೆದಿದ್ದೆ. ನನ್ನ ಎಲೆಯ ಸುತ್ತಮುತ್ತ ಇದ್ದವರು ಹನ್ನೆರಡು ಮಂದಿ. ಹೆಸರು ಬರೆದುಕೊಂಡೆ.

ಮೊದಲು ಗೌಡರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿದರು. ನನಗೆ ಕುಡಿಯಲು ಕೊಡುವಂತೆ ಮನೆಯವರಿಗೆ ಹೇಳಿ ಎದ್ದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಲೋಟ ಖಾಲಿ ಮಾಡಿ, ಯಾರಿಗೆ ಹೇಳಿ ಹೊರಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು, ಹೊರಟುಬಂದೆ. ಅವರ ಪಿಕಪ್‌ಗಳು ಇನ್ನು ಎಲ್ಲಿಗೆ ಹೋಗುತ್ತವೋ ಗೊತ್ತಿಲ್ಲ.

ನಿನ್ನೆಗೆ ನಾಲ್ಕು ಮನೆ ಆಯಿತು. ಹೆಂಗಸಿನ ಕೈಗೆ ಇಂಜಿನ್ ಕೊಟ್ಟದ್ದೇ ತಪ್ಪು ಎಂದವರ ಮನೆ ಸಂಪಾಜೆಯಲ್ಲಿ. ಅವರಿಗೆ ಫೋನ್ ಮಾಡಿ, ಬರುತ್ತೇನೆ ಎಂದಿದ್ದೇನೆ. ಎಂತಕ್ಕೆ ಎಂದು ಕೇಳಿದರು. ಮುಖ ನೋಡಿಯೇ ಹೇಳಬೇಕು ಎಂದೆ.