ಡಾ. ರಮಾಬಾಯಿಯವರೂ ವಾರ್ಡಿನ ಬಾಗಿಲಿನ ತಾಮ್ರದ ಕೊಳಗವೂ

ಚೆನ್ನೈನ ಸೂಕ್ಷ್ಮಜೀವಿ ತಜ್ಞರ ಸಾಲಿನಲ್ಲಿ ಡಾ. ರಮಾಬಾಯಿಯವರ ಸ್ಥಾನವೆಷ್ಟು ಎತ್ತರದ್ದು ಎಂಬುದನ್ನು ಬಲ್ಲವರು ಈ ಅಭಿನಂದನ ಗ್ರಂಥದಲ್ಲೇ ಬರೆದಿದ್ದಾರೆ. ನಾನಾದರೋ ಎಗ್ಮೋರಿನ ನಮ್ಮ ಕನ್ನಡ ಟ್ರಸ್ಟಿನ ಹೆರಿಗೆ ಆಸ್ಪತ್ರೆಗೆ ಹತ್ತಿ, ಫಿನಾಯಿಲು, ಕೈಗವಸುಗಳನ್ನು ಕೊಂಡು ತರುವ ಸ್ಟೋರ್ಸ್ ಅಧಿಕಾರಿ. ಅವರೊಡನೆ ಕೆಲಸ ಮಾಡಿದ ಅಷ್ಟೂ ವರ್ಷ ನಾನು ಗೊಂದಲದಲ್ಲೇ ಇದ್ದೆ. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಆ ಗೊಂದಲವನ್ನೇ ಗೌರವಪೂರ್ವಕವಾಗಿ ಅರ್ಪಿಸುತ್ತಿದ್ದೇನೆ.

ತೊಂಬತ್ತೇಳರಲ್ಲಿ ಮೈಸೂರಿನಿಂದ ಬಂದಾಗ ನನಗೆ ತಮಿಳು ಒಂದಕ್ಷರ ಬಾರದು. ಮದರಾಸಿನಲ್ಲಿ ತಲೆಮಾರುಗಳಿಂದ ನೆಲೆಸಿದ ವೈಷ್ಣವ ಮನೆತನದ ರಮಾಬಾಯಿಯವರು ತಾವೇ ನನ್ನನ್ನು ಪ್ಯಾರೀಸ್ ಕಾರ್ನರ್‌ಗೆ ಕರೆದೊಯ್ದು, ಸಗಟು ಅಂಗಡಿಯವರ ಜತೆ ಜಗಳವಾಡುವುದನ್ನು ಕಲಿಸಿದರು. ನನ್ನ ಹೆಂಡತಿ ವೃಂದಾಳಿಗೆ ಇಲ್ಲಿನ ಬಿಸಿಲು ಒಗ್ಗದೆ ಮಲಗಿದಾಗ, ಮಡಿಯಲ್ಲಿ ಮಾಡಿದ ಸಾರನ್ನು ಕಳಿಸಿದರು. ಮನೆಯಲ್ಲಿ ಒದ್ದೆ ಸೀರೆಯ ಮಡಿ, ಆಸ್ಪತ್ರೆಯಲ್ಲಿ ಕ್ರಿಮಿಗಳ ಲೆಕ್ಕಾಚಾರ. ಎರಡೂ ಒಂದೇ ತಲೆಯಲ್ಲಿ ಹೇಗೆ ಹಿಡಿಸುತ್ತವೋ ನನಗೆ ತಿಳಿಯುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ನಲ್ಲಿಗಳು ಒಣಗಿದವು. ಲಾರಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಕ್ಕಳ ವಾರ್ಡಿನಲ್ಲಿ ನೀರಿಲ್ಲದೆ ಕೈ ಶುಚಿ ಮಾಡುವ ದ್ರಾವಣ ಬೇಕೆಂದು ರಮಾಬಾಯಿಯವರು ಹೇಳಿದಾಗ, ನಾನು ಮೂರು ಬಾಟಲಿ ತಂದು ಮೇಜಿನ ಮೇಲಿಟ್ಟೆ. ಮಲ್ಲಿಗೆಯ ಪರಿಮಳದ ಹಸಿರು ಬಾಟಲಿಯೇ ಗೆಲ್ಲುವುದೆಂದು ನನಗೆ ಖಾತ್ರಿಯಿತ್ತು.

"ಇದರಲ್ಲಿ ಆಲ್ಕೋಹಾಲೇ ಇಲ್ವಲ್ಲಪ್ಪಾ. ವಾಸನೆ ನೋಡಿ ಕ್ರಿಮಿ ಓಡಿಹೋಗುತ್ತೇನು?" ಎಂದರು.

ಹಾಗಾದರೆ ಅತಿ ಕಟುವಾದದ್ದೇ ಇರಲೆಂದು, ಹೆಚ್ಚುಕಡಿಮೆ ಶುದ್ಧ ಆಲ್ಕೋಹಾಲೇ ಇದ್ದದ್ದನ್ನು ಮುಂದೆ ತಳ್ಳಿದೆ.

"ಅದೂ ವೇಂಡಾಂ. ನೂರಕ್ಕೆ ಎಪ್ಪತ್ತರಷ್ಟಿದ್ರೆ ಸೆರಿ. ಒಳಗೆ ಸ್ವಲ್ಪ ನೀರಿದ್ರೇನೇ ಅದು ಕ್ರಿಮೀನ ಕೊಲ್ಲೋದು. ಕೈ ತುಂಬ ಹಚ್ಚಿ, ತಾನಾಗೇ ಒಣಗೋಕೆ ಬಿಡ್ಬೇಕು. ಕೈಲಿ ಕೊಳೆ ಕಾಣಿಸ್ತಾ ಇದ್ರೆ ಮಾತ್ರ ಸೋಪು, ನೀರು."

ನೀರಿಲ್ಲವೆಂದು ತರುವ ಔಷಧದೊಳಗೂ ನೀರಿರಬೇಕಂತೆ! ತಲೆ ಕೆರೆದುಕೊಂಡು, ಎಪ್ಪತ್ತರಷ್ಟಿದ್ದ ಮೂರನೆಯದನ್ನೇ ತರಿಸಿದೆ. ಟ್ರಸ್ಟಿನ ಅಧ್ಯಕ್ಷರಾದ ಬದರಿನಾಥರು ಮುಖ ಸಿಂಡರಿಸಿದರೂ ಬೇಡವೆನ್ನಲಿಲ್ಲ.

ಅದೇ ತಿಂಗಳು ನನ್ನ ಮಗಳು ಮಾನ್ಯಾ ಎಂಟನೇ ತಿಂಗಳಿಗೇ ಹುಟ್ಟಿ ಆ ವಾರ್ಡು ಸೇರಿದಳು. ಅಲ್ಲಿ ಕೂಸುಗಳಿಗೆ ಜ್ವರ ಹರಡತೊಡಗಿತು. ಪಕ್ಕದ ತೊಟ್ಟಿಲಲ್ಲಿದ್ದ ಸುಗುಣಾ ಎಂಬುವರ ಗಂಡುಮಗು ಉಳಿಯಲಿಲ್ಲ. ಮಾರನೆಯ ದಿನ ಮಾನ್ಯಾಳ ಮೈ ಸುಡತೊಡಗಿತು. ನಾನು ತಂದ ಬಾಟಲಿಯೇ ಸುಳ್ಳೋ, ಅದನ್ನು ಆರಿಸಿದವರು ಸುಳ್ಳೋ, ಏನೂ ತೋಚದೆ ರಮಾಬಾಯಿಯವರ ಮುಂದೆ ನಿಂತು ಅತ್ತುಬಿಟ್ಟೆ.

ಅವರು ತಕ್ಷಣ ಎದ್ದು ಹೊರಟರು. ವಾರ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತರು. ದಾದಿಯರು, ಆಯಾಗಳು, ಬಂಧುಗಳು ಎಲ್ಲರೂ ಹೇಳಿದ ಹಾಗೆಯೇ ದ್ರಾವಣ ಹಚ್ಚಿಕೊಂಡರು. ಹಚ್ಚಿಕೊಂಡು, ಬಾಗಿಲ ಪಕ್ಕದ ತಾಮ್ರದ ಕೊಳಗದಿಂದ ಒಂದು ಚೊಂಬು ನೀರು ತೆಗೆದು ಕೈ ತೊಳೆದು, ಅಲ್ಲೇ ನೇತುಹಾಕಿದ್ದ ಟವೆಲ್ಲಿಗೆ ಒರೆಸಿಕೊಂಡು ಒಳಹೋದರು!

"ಇದೇನ್ ಚಿಕ್ಕತಾಯಮ್ಮ, ಯಾಕ್ ತೊಳೀತೀರಿ?" ಎಂದು ರಮಾಬಾಯಿಯವರು ಹಿರಿಯ ಆಯಾರನ್ನು ಕೇಳಿದರು.

"ಮತ್ತಿನ್ನೇನಮ್ಮಾ? ಸಾರಾಯಿ ಮುಟ್ಟಿದ ಕೈಯಲ್ಲಿ ಹಸುಗೂಸು ಮುಟ್ಟೋದಾ? ಗುರುವಾರ ಬೇರೆ ತೀರ್ಥ ಕೊಡ್ತಾರೆ."

ಕೊಳಗದ ಲಾರಿ ನೀರನ್ನೂ ಟವೆಲ್ಲನ್ನೂ ಪರೀಕ್ಷಿಸಿದಾಗ, ಕೂಸುಗಳ ರಕ್ತದಲ್ಲಿ ಸಿಕ್ಕ ಕ್ರಿಮಿಯೇ ಅಲ್ಲೂ ಸಿಕ್ಕಿತು. ಎರಡನ್ನೂ ತೆಗೆಸಿದರು. ಆದರೆ ಜನ ಕದ್ದು ಮೋರಿಯ ಬಳಿ ಹೋಗಿ ತೊಳೆಯತೊಡಗಿದರು. ಮೈಲಿಗೆಯ ಭಯ ಅಷ್ಟು ಸುಲಭಕ್ಕೆ ಬಿಡುವುದಲ್ಲ.

ಗುರುವಾರ ಬಂತು. ವಾಡಿಕೆಯಂತೆ ಬದರಿನಾಥರು ತೀರ್ಥದ ಪಾತ್ರೆ ಹಿಡಿದು ವಾರ್ಡಿನ ಮುಂದೆ ನಿಂತರು. ರಮಾಬಾಯಿಯವರು ಎಲ್ಲರೆದುರಿಗೆ ದ್ರಾವಣವನ್ನು ಬೆರಳ ಸಂದಿಗಳಿಗೆಲ್ಲ ಹಚ್ಚಿ, ಒಣಗಿಸಿಕೊಂಡು, ನೀರು ಮುಟ್ಟದ ಅದೇ ಕೈಯನ್ನು ಚಾಚಿದರು.

ಬದರಿನಾಥರು ತೀರ್ಥ ಹಾಕುವ ಉದ್ಧರಣೆಯನ್ನು ಹಿಂದಕ್ಕೆಳೆದುಕೊಂಡರು. "ರಮಾ, ಏನಿದು? ನಿಮ್ಮನೇಲಿ ತಿಳಿದ್ರೆ..."

"ಅದು ಹಾರಿಹೋಯ್ತು, ಮಾಮಾ. ಕೈಲಿ ಏನೂ ಇಲ್ಲ. ಹಾಕಿ."

ಹಾಕಿದರು. ಕುಡಿದರು. ಆ ಸಂಜೆಯಿಂದ ಯಾರೂ ಮೋರಿಯ ಕಡೆ ಹೋಗಲಿಲ್ಲ, ಹೊಸದಾಗಿ ಯಾವ ಕೂಸಿಗೂ ಜ್ವರ ಬರಲಿಲ್ಲ. ಕೆಲವು ದಿನಗಳಲ್ಲಿ ಮಾನ್ಯಾ ಹಾಲು ಕುಡಿಯತೊಡಗಿದಳು. ನನ್ನ ಮಗಳನ್ನು ನನಗೆ ಕೊಟ್ಟವರು ಅವರು.

"ಆವತ್ತು ಮನೆಗೆ ಹೋಗಿ ಸ್ನಾನ ಮಾಡಿದಿರಾ ಮೇಡಂ?" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. "ಯಾಕಪ್ಪಾ, ನೀವು ದಿನಾ ಮಾಡೋಲ್ವೇನು?" ಎಂದು ನಕ್ಕರು. ಪ್ರಾಯಶ್ಚಿತ್ತವಿತ್ತೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ.

ಮೊನ್ನೆ ಈ ಲೇಖನದ ವಿಷಯ ತಿಳಿಸಿದಾಗ ಮಾತ್ರ ಅವರು ನಗಲಿಲ್ಲ. "ಹೊಗಳ್ಬೇಡಿ ಮುರಳೀಧರ. ಆ ಕೊಳಗದ ಪಕ್ಕದಲ್ಲೇ ದಿನಾ ಓಡಾಡ್ತಿದ್ದೆ ನಾನು. ತಾಮ್ರದ ಕೊಳಗ, ಬೆಳಗಿಟ್ಟಿದ್ರು. ಅದು ಶುದ್ಧ ಅಂತ್ಲೇ ನಂಗೂ ಅನ್ನಿಸಿತ್ತು. ಸುಗುಣಾ ಮಗು ಹೋಯ್ತಲ್ಲ," ಎಂದರು. ಹೊಗಳಬೇಕೋ ಸಂತೈಸಬೇಕೋ ನನಗೆ ತಿಳಿಯಲಿಲ್ಲ.

ಅವರು ಹೇಳದೆ ಬಿಟ್ಟದ್ದನ್ನು ನಾನು ಹೇಳಬೇಕು. ಎರಡು ವರ್ಷದ ನಂತರ ಸುಗುಣಾ ಎರಡನೆಯ ಹೆರಿಗೆಗೆ ನಮ್ಮಲ್ಲಿಗೇ ಬಂದರು. ಕೊಳಗದ ಕಥೆ ಪೂರ್ತಿ ತಿಳಿದೇ ಬಂದರು. ಅದನ್ನು ಅವರ ಮನೆಗೆ ಹೋಗಿ ತಿಳಿಸಿದ್ದವರು ರಮಾಬಾಯಿಯವರೇ. ಮಗುವನ್ನು ಮೊದಲು ಮೇಡಂ ಎತ್ತಿಕೊಳ್ಳಲಿ ಎಂದು ಸುಗುಣಾ ಹಟ ಹಿಡಿದರು. ರಮಾಬಾಯಿಯವರು ದ್ರಾವಣ ಹಚ್ಚಿಕೊಂಡು, ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಎರಡೂ ಕೈ ಎತ್ತಿ ಹಿಡಿದು ಅವು ಒಣಗುವವರೆಗೂ ಕಾದರು. ಆಮೇಲೆ ಮಗುವನ್ನು ಎತ್ತಿಕೊಂಡರು. ಭಗವಂತ ಆ ಕೈಗಳಿಗೆ ಬಹಳ ಆಯುಸ್ಸು ಕೊಡಲಿ, ಅವು ಇನ್ನೂ ಬಹಳ ಕೂಸುಗಳನ್ನು ಎತ್ತಿಕೊಳ್ಳಲಿ.