ಕೊನೆ ನೋಡದ ಟಾರ್ಚಕ್ಕ

ಚಿತ್ರಮಂದಿರದ ಕತ್ತಲಲ್ಲಿ ನಲವತ್ತೆರಡು ವರ್ಷ ಸೀಟು ತೋರಿಸಿದವಳನ್ನು ಎಲ್ಲರೂ ಟಾರ್ಚಕ್ಕ ಎಂದೇ ಕರೆಯುತ್ತಿದ್ದರು. ಸಿನಿಮಾಗಳನ್ನು ಅರೆದು ಕುಡಿದವಳೆಂದು ನೆಂಟರಿಷ್ಟರು ನಂಬಿದ್ದರು. ನಿಜ ಸಂಗತಿಯೇ ಬೇರೆ. ಶುರುವಿನಲ್ಲಿ ತಡವಾಗಿ ಬಂದವರ ಕಾಲಬುಡಕ್ಕೆ ಬೆಳಕು ಹಿಡಿಯಬೇಕು. ಮುಗಿಯಲು ಹತ್ತು ನಿಮಿಷವಿರುವಾಗ ಹೋಗಿ ಹೊರಬಾಗಿಲ ಅಗಳಿ ತೆಗೆದು ನಿಲ್ಲಬೇಕು. ಹೀಗಾಗಿ ಅವಳಿಗೆ ದಕ್ಕಿದ್ದೆಲ್ಲ ನಡುವಿನ ತುಂಡು. ಹಳೆಯ ಹಾಲಿವುಡ್ ಚಿತ್ರಗಳಲ್ಲಿ ಗ್ರೆಗರಿ ಪೆಕ್ ಹುಬ್ಬು ಗಂಟಿಕ್ಕಿದ್ದು ಗೊತ್ತು, ಆ ಗಂಟು ಸಡಿಲಿದ್ದು ಗೊತ್ತಿಲ್ಲ. ಇಂಗ್ರಿಡ್ ಬರ್ಗ್‌ಮನ್ ಕಣ್ತುಂಬಿಕೊಂಡಿದ್ದು ಗೊತ್ತು, ಯಾರು ಒರೆಸಿದರೋ ದೇವರೇ ಬಲ್ಲ.

ಅವಳು ಕೆಲಸ ಬಿಟ್ಟ ವರ್ಷ ಮೊಮ್ಮಗಳು ಮಧ್ಯಾಹ್ನದ ಆಟಕ್ಕೆ ಕರೆದೊಯ್ದಳು. ಹದಿನೈದರ ಹುಡುಗಿಯೊಬ್ಬಳು ಬೆಳೆಯುವ ಕತೆ. ಅಮ್ಮನೊಂದಿಗೆ ಜಗಳಾಡುತ್ತಾಳೆ, ಗೆಳತಿಯನ್ನು ಕಳೆದುಕೊಳ್ಳುತ್ತಾಳೆ, ಸಿಟ್ಟಿನಲ್ಲಿ ಕತ್ತರಿ ಹಿಡಿದು ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಾಳೆ. ಕೊನೆ ಹತ್ತಿರವಾಗುತ್ತಲೇ ಟಾರ್ಚಕ್ಕ ಅಭ್ಯಾಸಬಲದಿಂದ ಎದ್ದೇಬಿಟ್ಟಳು. ಮೊಮ್ಮಗಳು ಕೈ ಹಿಡಿದು ಕೂರಿಸಿದಳು. ತೆರೆಯ ಮೇಲೆ ಅಮ್ಮ ಬಂದು, ಮಾತಿಲ್ಲದೆ ಕತ್ತರಿ ತೆಗೆದುಕೊಂಡು, ಮಗಳ ಹಿಂದಲೆಯ ಕೂದಲನ್ನು ಸಮ ಮಾಡಿದಳು. ದೀಪ ಹತ್ತಿತು.

“ಆಮೇಲೆ?”

“ಆಮೇಲೇನಿಲ್ಲ ಅಜ್ಜಿ. ಅಷ್ಟೇ.”

“ಅವಳು ಗೆದ್ಲೋ ಸೋತ್ಲೋ?”

“ಬೆಳೆದ್ಲು.”

“ಎರಡು ಗಂಟೇಲಿ? ನಂಗೆ ಗೊತ್ತೇ ಆಗ್ಲಿಲ್ಲವಲ್ಲೇ!”

“ಮತ್ತೆ ಯಾಕೆ ಅಳ್ತಿದೀಯ?”

ಟಾರ್ಚಕ್ಕ ಕೆನ್ನೆ ಮುಟ್ಟಿಕೊಂಡಳು. ಒದ್ದೆ! ತಲೆಬುಡ ತಿಳಿಯದ ಕತೆಗೆ ಅಳುವುದೆಂದರೇನು? ಮನೆಗೆ ಬಂದರೂ ಮನಸ್ಸು ಕಲಸುಮೇಲೋಗರ. ತನ್ನ ಅಪ್ಪ ಹಾಸಿಗೆ ಹಿಡಿದಾಗ ಟಾರ್ಚಕ್ಕನಿಗೆ ಹದಿನಾರು. ಚಿತ್ರಮಂದಿರದ ಅವನ ಕೆಲಸಕ್ಕೆ ಅವಳೇ ಹೊರಟ ಬೆಳಿಗ್ಗೆ ಅಮ್ಮ ಬೆನ್ನ ಹಿಂದೆ ಕೂತು ಜಡೆ ಹಾಕಿದ್ದಳು. ಆಗ ಅವಳು ತಿರುಗಿ ಅಮ್ಮನ ಮುಖ ನೋಡಿರಲಿಲ್ಲ.

ಮರುದಿನ ಒಬ್ಬಳೇ ಹೋದಳು. ಟಿಕೆಟ್ ಹರಿಯುವವನು ಹುಬ್ಬೇರಿಸಿದ: “ನಿನ್ನೆ ನೋಡಿದ್ರಲ್ಲಮ್ಮ?”

“ನೋಡ್ದೆ. ಅರ್ಥ ಆಗ್ಲಿಲ್ಲಪ್ಪ. ತುಂಬ ಚೆನ್ನಾಗಿತ್ತು.”

ಈ ಸಲ ಸಿನಿಮಾದ ಅಮ್ಮನ ಮುಖವನ್ನೇ ಕಾದು ಕೂತಳು. ಆದರೆ ಕೂದಲು ಸಮ ಮಾಡುವ ಗಳಿಗೆಯಲ್ಲಿ ತೆರೆಯ ಮೇಲೆ ಬರೀ ಬೆರಳುಗಳು. ಸಿಟ್ಟೋ, ಅಕ್ಕರೆಯೋ? ತಡೆಯಲಾರದೆ ಸಂಜೆ ಅಕ್ಕನಿಗೆ ಫೋನು ಹಚ್ಚಿದಳು.

“ಅಕ್ಕಾ, ನಾನು ಮೊದಲ್ನೇ ದಿನ ಕೆಲ್ಸಕ್ಕೆ ಹೊರಟಾಗ ಅಮ್ಮ ಅತ್ತಿದ್ಳಾ?”

“ಇಷ್ಟು ವರ್ಷ ಇಲ್ಲದ್ದು ಈಗೇನೇ? ಅತ್ತಿದ್ದು ನಾನು ಕಾಣೆ. ನಿನ್ನ ಜಡೆ ಮಾತ್ರ ಮೂರು ಸಲ ಬಿಚ್ಚಿ ಮೂರು ಸಲ ಹೆಣೆದ್ಲು.”

“ಯಾಕೆ? ಸರಿ ಬರ್ಲಿಲ್ವಾ?”

“ಅಮ್ಮನ ಕೈಗೆ ಜಡೆ ಸರಿ ಬರ್ದೇ ಇರತ್ತಾ?”

ಮೂರು ಸಲ ಬಿಚ್ಚಿ ಹೆಣೆದದ್ದನ್ನು ಅಳು ಎನ್ನಬೇಕೋ ಬೇಡವೋ ಟಾರ್ಚಕ್ಕನಿಗೆ ಬಗೆಹರಿಯಲಿಲ್ಲ.

ಶನಿವಾರ ಅಕ್ಕನನ್ನೂ ಹೊರಡಿಸಿಕೊಂಡು ಮೂರನೇ ಸಲ ಹೋದಳು. ಅರ್ಧ ಗಂಟೆಗೇ ಅಕ್ಕ ಪಿಸುಗುಟ್ಟಿದಳು: “ಇದ್ರಲ್ಲಿ ಹೀರೋ ಯಾರೇ?”

“ನಂಗೂ ಗೊತ್ತಿಲ್ಲ. ಸುಮ್ನೆ ನೋಡು.”